ಕಂಠದಾನವೋ, ಕಂಠದ ದುಡಿಮೆಯೋ? ಹಿರಿಯ ಧ್ವನಿ ಕಲಾವಿದರಿಗೆ ನಟರ ಸಂಘ ಕೊಡುವ ಗೌರವದ ಅರ್ಥ

ಅಮೆರಿಕದ ನಟರ ಸಂಘ ಹಿರಿಯ ಧ್ವನಿ ಕಲಾವಿದರೊಬ್ಬರನ್ನು ಸನ್ಮಾನಿಸಿತು ಎಂಬ ಸುದ್ದಿ ಆಗಾಗ ಬರುತ್ತದೆ. ಕಾರ್ಟೂನ್‌ಗೆ, ಜಾಹೀರಾತಿಗೆ, ವಿಡಿಯೋ ಗೇಮ್‌ಗೆ ದನಿ ಕೊಟ್ಟವರು ಅಂದ ಮೇಲೆ ಆ ದನಿಗೇ ಸನ್ಮಾನ ಸಿಕ್ಕಿರಬೇಕು ಎಂದುಕೊಳ್ಳುತ್ತೇವೆ. ಮುಂದೆ ಓದಿದರೆ ‘ಸಂಘಕ್ಕೆ ಸಲ್ಲಿಸಿದ ಸೇವೆಗಾಗಿ’ ಎಂದಿರುತ್ತದೆ. ವರ್ಷಗಟ್ಟಲೆ ಕಮಿಟಿ ಸಭೆಗಳಲ್ಲಿ ಕೂತಿದ್ದಕ್ಕೆ, ಕರಾರಿನ ಕರಡು ಓದಿದ್ದಕ್ಕೆ, ಕಂಪನಿಗಳ ಎದುರು ಪಟ್ಟು ಹಿಡಿದಿದ್ದಕ್ಕೆ ಈ ಸನ್ಮಾನ. ಕಲಾವಿದರಿಗೆ ಕಲೆಗಾಗಿ ಶಾಲು ಹೊದಿಸುವುದನ್ನು ನೋಡಿ ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರ ಅನಿಸುತ್ತದೆ.

2025ರ ಮೇ ತಿಂಗಳ ಇನ್ನೊಂದು ಸುದ್ದಿ ಈ ಗೊಂದಲವನ್ನು ಜಾಸ್ತಿ ಮಾಡಿತು. ಫೋರ್ಟ್‌ನೈಟ್ ಎಂಬ ಜನಪ್ರಿಯ ಗೇಮ್‌ನಲ್ಲಿ ‘ಸ್ಟಾರ್ ವಾರ್ಸ್’ ಚಿತ್ರಗಳ ಖಳನಾಯಕ ಡಾರ್ತ್ ವೇಡರ್ ಆಟಗಾರರ ಜೊತೆ ಮಾತಾಡತೊಡಗಿದ. ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಆದರೆ ಅವರು 2024ರ ಸೆಪ್ಟೆಂಬರ್ 9ರಂದೇ ತೀರಿಕೊಂಡಿದ್ದರು. ಎಐ ಆ ದನಿಯನ್ನು ಮತ್ತೆ ಹುಟ್ಟಿಸಿತ್ತು. ಇದಕ್ಕೆ ಕುಟುಂಬದ ಒಪ್ಪಿಗೆಯೂ ಇತ್ತು. ಆದರೂ ನಟರ ಸಂಘ ದೂರು ದಾಖಲಿಸಿತು. ಮನೆಯವರೇ ಒಪ್ಪಿದ ಮೇಲೆ ಸಂಘದ್ದೇನು ತಕರಾರು ಎಂದು ಹಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಈ ಎರಡು ಪ್ರಶ್ನೆಗಳ ಉತ್ತರ ಒಂದೇ ಕಡೆ ಇದೆ. ಒಂದು ದನಿಗೆ ಬೆಲೆ ಬರುವುದು ಆ ಮನುಷ್ಯನ ಪ್ರತಿಭೆಯಿಂದ. ಆ ಬೆಲೆ ಉಳಿಯುವುದು ಅದೇ ಕೆಲಸದಲ್ಲಿರುವ ಎಲ್ಲರೂ ಸೇರಿ ಕಟ್ಟಿಕೊಂಡ ನಿಯಮಗಳಿಂದ. ನಿಯಮ ಕಟ್ಟುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಗೌರವ ಇರುವುದು ಆ ಕೆಲಸಕ್ಕೆ.

ಒಂದೇ ವರ್ಷ, ಎರಡು ಬಗೆಯ ಗೌರವ

ಅಮೆರಿಕದಲ್ಲಿ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಹುಟ್ಟಿದ್ದು 1933ರಲ್ಲಿ. ರೇಡಿಯೋ ಕಲಾವಿದರ ಸಂಘ 1937ರಲ್ಲಿ ಬಂತು. ಟಿವಿ ಕಲಾವಿದರು ಸೇರಿಕೊಂಡ ಮೇಲೆ 1952ರಲ್ಲಿ ಅದು ಆಫ್ಟ್ರಾ ಆಯಿತು. ಈ ಎರಡೂ ಸಂಘಗಳು 2012ರ ಮಾರ್ಚ್‌ನಲ್ಲಿ ಒಂದಾಗಿ ಸ್ಯಾಗ್-ಆಫ್ಟ್ರಾ ಎಂಬ ಹೆಸರು ಪಡೆದವು. ಈಗ ಸದಸ್ಯರು ಸುಮಾರು 1,60,000. ಸಿನಿಮಾ ನಟರು, ಟಿವಿ ನಿರೂಪಕರು, ಸಾಹಸ ಕಲಾವಿದರು, ಗಾಯಕರು, ಧ್ವನಿ ಕಲಾವಿದರು ಎಲ್ಲರೂ ಇದರಲ್ಲಿದ್ದಾರೆ.

ಈ ಸಂಘ ಕೊಡುವ ಗೌರವಗಳಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು ಜೀವಮಾನ ಸಾಧನೆಯ ಪ್ರಶಸ್ತಿ. ನೇರ ಪ್ರಸಾರವಾಗುವ ದೊಡ್ಡ ಸಮಾರಂಭದಲ್ಲಿ, ವೃತ್ತಿ ಸಾಧನೆ ಮತ್ತು ಮಾನವೀಯ ಕೆಲಸಗಳಿಗಾಗಿ ಕೊಡುತ್ತಾರೆ. 2009ರ ಜನವರಿಯಲ್ಲಿ ಇದು ಜೇಮ್ಸ್ ಅರ್ಲ್ ಜೋನ್ಸ್ ಅವರಿಗೆ ಸಿಕ್ಕಿತು. ಇನ್ನೊಂದು ರಾಲ್ಫ್ ಮಾರ್ಗನ್ ಪ್ರಶಸ್ತಿ. ಸ್ಕ್ರೀನ್ ಆಕ್ಟರ್ಸ್ ಗಿಲ್ಡ್‌ನ ಮೊದಲ ಅಧ್ಯಕ್ಷರ ಹೆಸರಿನಲ್ಲಿದೆ. ಸಂಘಕ್ಕಾಗಿ ದುಡಿದವರಿಗೆ ಮಾತ್ರ. ಅದೇ 2009ರಲ್ಲಿ ಇದು ಜಾರ್ಜ್ ಕೋ ಅವರಿಗೆ ಸಂದಿತು.

ಜಾರ್ಜ್ ಕೋ ಎಂದರೆ ಯಾರು ಎಂದು ಹೆಚ್ಚಿನವರು ಕೇಳುತ್ತಾರೆ. ‘ಕ್ರೇಮರ್ ವರ್ಸಸ್ ಕ್ರೇಮರ್’ ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್‌ಗೆ ಬಾಸ್ ಆಗಿ ಕಾಣಿಸಿಕೊಂಡವರು. ಈಚಿನ ಪೀಳಿಗೆಗೆ ಅವರು ‘ಆರ್ಚರ್’ ಎಂಬ ಆನಿಮೇಷನ್ ಸರಣಿಯ ಮುದಿ ಸೇವಕ ವುಡ್‌ಹೌಸ್‌ನ ದನಿ. ಮುಖ ನೋಡಿ ಹೆಸರು ಹೇಳುವವರು ಕಡಿಮೆ. ಆದರೆ ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಂಘದ ಆಡಳಿತ ಮಂಡಳಿಯಲ್ಲಿದ್ದರು. ಉಪಾಧ್ಯಕ್ಷರೂ ಆಗಿದ್ದರು. ಇಂಥ ಚುನಾಯಿತ ಹುದ್ದೆಗಳಿಗೆ ಸಂಬಳವಿಲ್ಲ. ಸಭೆ ಇರುವ ದಿನ ರೆಕಾರ್ಡಿಂಗ್ ಬಂದರೆ ಯಾವುದೋ ಒಂದನ್ನು ಬಿಡಬೇಕು. ದಿನಗೂಲಿಯ ಹಾಗೆ ಸೆಷನ್ ಲೆಕ್ಕದಲ್ಲಿ ದುಡಿಯುವವರಿಗೆ ಇದು ನೇರವಾಗಿ ಕಿಸೆಗೆ ಬೀಳುವ ಪೆಟ್ಟು.

ಅವರಿಗಿಂತ ಮೊದಲು ಈ ಗೌರವ ಪಡೆದ ವಿಲಿಯಂ ಶಾಲರ್ಟ್ ಕೂಡ ಹಾಗೆಯೇ. ಮುಖದಷ್ಟೇ ದನಿಯಿಂದಲೂ ದುಡಿದವರು. ತಿಂಡಿಯ ಜಾಹೀರಾತಿನಲ್ಲಿ ಮಾತಾಡುವ ಟೋಸ್ಟರ್‌ಗೆ ದನಿಯಾಗಿದ್ದವರು. 1979ರಿಂದ 1981ರವರೆಗೆ ಅವರೇ ಸಂಘದ ಅಧ್ಯಕ್ಷರು. 1980ರ ದೊಡ್ಡ ಮುಷ್ಕರ ನಡೆದಿದ್ದು ಅವರ ಕಾಲದಲ್ಲೇ.

‘ಸೇವೆ’ ಎಂದರೆ ಏನು: ಮರುಬಳಕೆಯ ಲೆಕ್ಕ

ಸಂಘದ ಸೇವೆ ಎಂದರೆ ಸುಮ್ನೆ ಪದಾಧಿಕಾರಿಯಾಗಿ ಫೋಟೋಗೆ ನಿಲ್ಲುವುದಲ್ಲ ಎಂದು ತಿಳಿಯಲು ಒಂದು ಜಾಹೀರಾತನ್ನು ತೆಗೆದುಕೊಳ್ಳೋಣ.

ಒಬ್ಬ ಕಲಾವಿದೆ ಸೋಪಿನ ಜಾಹೀರಾತಿಗೆ ದನಿ ಕೊಡುತ್ತಾಳೆ ಎನ್ನಿ. ಒಂದು ಗಂಟೆಯ ಕೆಲಸ. ಆ ದಿನದ ದುಡ್ಡು ಕೊಟ್ಟು ಕಳಿಸುತ್ತಾರೆ. ಜಾಹೀರಾತು ಗೆಲ್ಲುತ್ತದೆ, ಮೂರು ವರ್ಷ ಓಡುತ್ತದೆ. ಈಗ ಆ ದನಿ ಕೇಳಿದ ಕೂಡಲೇ ಜನರಿಗೆ ಆ ಸೋಪೇ ನೆನಪಾಗುತ್ತದೆ. ಹಾಗಾಗಿ ಬೇರೆ ಸೋಪಿನವರು ಅವಳನ್ನು ಕರೆಯುವುದಿಲ್ಲ. ಶಾಂಪೂ ಕಂಪನಿಯವರೂ ಹಿಂದೆ ಮುಂದೆ ನೋಡುತ್ತಾರೆ. ಹಳೆಯ ಕೆಲಸ ಎಷ್ಟು ಚೆನ್ನಾಗಿ ಓಡುತ್ತದೋ ಹೊಸ ಕೆಲಸ ಅಷ್ಟು ಕಡಿಮೆಯಾಗುತ್ತದೆ. ಕಂಪನಿಗೆ ಲಾಭ ತಂದ ದನಿಯೇ ಅದರ ಒಡತಿಯ ಅನ್ನಕ್ಕೆ ಅಡ್ಡ ಬರುತ್ತದೆ.

ಇದಕ್ಕೆ ಸಂಘ ಕಂಡುಕೊಂಡ ದಾರಿ ಮರುಬಳಕೆಯ ಹಣ. ಜಾಹೀರಾತು ಮತ್ತೆ ಮತ್ತೆ ಬಂದರೆ ದುಡ್ಡೂ ಮತ್ತೆ ಬರಬೇಕು. ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ತನ್ನ ಮೊದಲ ಮುಷ್ಕರ ಹೂಡಿದ್ದು ಸಿನಿಮಾ ಸ್ಟುಡಿಯೋಗಳ ಎದುರು ಅಲ್ಲ, ಟಿವಿ ಜಾಹೀರಾತು ತಯಾರಿಸುವವರ ಎದುರು. ಅದು ಶುರುವಾಗಿದ್ದು 1952ರ ಡಿಸೆಂಬರ್‌ನಲ್ಲಿ. ಅಲ್ಲಿನ ಜಾಹೀರಾತು ಕರಾರುಗಳಲ್ಲಿ ಬಳಕೆಯನ್ನು 13 ವಾರಗಳ ಅವಧಿಯಂತೆ ಲೆಕ್ಕ ಹಾಕುವ ಪದ್ಧತಿ ಬೆಳೆಯಿತು. ಅವಧಿ ಮುಗಿದ ಮೇಲೂ ಜಾಹೀರಾತು ಬೇಕೆಂದರೆ ಮತ್ತೆ ಹಣ ಕಟ್ಟಬೇಕು.

1960ರ ಮುಷ್ಕರದ ಕಥೆ ಇನ್ನೂ ಮನಮುಟ್ಟುವಂಥದ್ದು. ಆಗ ಸಂಘದ ಅಧ್ಯಕ್ಷ ರೊನಾಲ್ಡ್ ರೇಗನ್. ಸಿನಿಮಾಗಳನ್ನು ಟಿವಿಗೆ ಮಾರಿದಾಗ ನಟರಿಗೂ ಪಾಲು ಬೇಕು ಎಂಬುದು ಬೇಡಿಕೆ. 1960ರ ನಂತರದ ಚಿತ್ರಗಳಿಗೆ ಪಾಲು ಸಿಕ್ಕಿತು. ಅದಕ್ಕಿಂತ ಹಳೆಯ ಚಿತ್ರಗಳಿಗೆ ಸಿಗಲಿಲ್ಲ. ಅದರ ಬದಲು ಸ್ಟುಡಿಯೋಗಳು ಒಟ್ಟಾಗಿ 22.5 ಲಕ್ಷ ಡಾಲರ್ ಕೊಟ್ಟವು. ಆ ಹಣದಿಂದ ಪಿಂಚಣಿ ಮತ್ತು ಆರೋಗ್ಯ ಯೋಜನೆ ಶುರುವಾಯಿತು. ಹಳೆಯ ನಟರು ತಮ್ಮ ಜನಪ್ರಿಯ ಚಿತ್ರಗಳ ಮೇಲಿನ ಪಾಲು ಕಳೆದುಕೊಂಡರು. ಆ ನೋವು ಕೆಲವರಿಗೆ ಕೊನೆಯವರೆಗೂ ಇತ್ತು. ಅವರ ನಂತರ ಬಂದವರಿಗೆ ಆಸ್ಪತ್ರೆ ಖರ್ಚಿಗೆ ಒಂದು ಆಸರೆ ಸಿಕ್ಕಿತು. ಚೌಕಾಸಿಯ ಮೇಜಿನಲ್ಲಿ ಕೂತವರು ಇಂಥ ನಿರ್ಧಾರಗಳ ಭಾರ ಹೊರಬೇಕು.

ಈ ಆರೋಗ್ಯ ಯೋಜನೆ ಎಲ್ಲ ಸದಸ್ಯರಿಗೂ ತಾನಾಗಿ ಸಿಗುವುದಿಲ್ಲ. ಸಂಘದ ಕರಾರಿನಡಿ ವರ್ಷಕ್ಕೆ ಇಂತಿಷ್ಟು ಗಳಿಸಿರಬೇಕು. 2023ರಲ್ಲಿ ಆ ಗೆರೆ 26,470 ಡಾಲರ್ ಆಗಿತ್ತು. ಸದಸ್ಯರಲ್ಲಿ ಬಹುಪಾಲು ಜನ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಮರುಬಳಕೆಯ ಒಂದು ಸಣ್ಣ ಚೆಕ್ ಕೂಡ ಒಬ್ಬ ಧ್ವನಿ ಕಲಾವಿದನ ಮನೆಯಲ್ಲಿ ಆ ವರ್ಷ ವಿಮೆ ಇರುತ್ತದೋ ಇಲ್ಲವೋ ಎಂದು ತೀರ್ಮಾನಿಸಬಹುದು.

ದನಿಯವರಿಗೇ ಯಾಕೆ ಸಂಘ ಜಾಸ್ತಿ ಬೇಕು

ತೆರೆಯ ಮೇಲಿನ ನಟನನ್ನು ಬದಲಾಯಿಸಿದರೆ ಪ್ರೇಕ್ಷಕರಿಗೆ ಕೂಡಲೇ ಗೊತ್ತಾಗುತ್ತದೆ. ದನಿ ಬದಲಾದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಾಣದವರ ಜೊತೆ ಚೌಕಾಸಿ ಮಾಡುವುದು ಕಂಪನಿಗೆ ಸುಲಭ. ಕಾರ್ಟೂನ್ ಮೊಲ ಬಗ್ಸ್ ಬನ್ನಿಗೆ ದನಿ ಕೊಟ್ಟ ಮೆಲ್ ಬ್ಲಾಂಕ್ ಸಂಬಳ ಹೆಚ್ಚಿಸಿ ಎಂದು ನಿರ್ಮಾಪಕ ಲಿಯಾನ್ ಶ್ಲೆಸಿಂಗರ್ ಅವರನ್ನು ಕೇಳಿದ್ದರಂತೆ. ಸಂಬಳ ಹೆಚ್ಚಲಿಲ್ಲ. ಅದರ ಬದಲು ಕಾರ್ಟೂನಿನಲ್ಲಿ ಅವರ ಹೆಸರು ಹಾಕಲು ಒಪ್ಪಿದರು. ಆ ಹೆಸರಿನಿಂದಲೇ ಅವರಿಗೆ ರೇಡಿಯೋದಲ್ಲಿ ಕೆಲಸ ಹೆಚ್ಚಾಯಿತು. ಆ ಕಾಲಕ್ಕೆ ಬೇರೆ ಕಾರ್ಟೂನ್ ಕಲಾವಿದರಿಗೆ ಅದೂ ಇರಲಿಲ್ಲ.

ಜೇಮ್ಸ್ ಅರ್ಲ್ ಜೋನ್ಸ್ ಅವರ ಹೆಸರೂ 1977ರ ಮೊದಲ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಇರಲಿಲ್ಲ. ಅದು ಅವರದೇ ಆಯ್ಕೆ. ತಾನು ಮಾಡಿದ್ದು ಸ್ಪೆಷಲ್ ಎಫೆಕ್ಟ್‌ನಂಥ ಕೆಲಸ ಎಂದು ಅವರು ಭಾವಿಸಿದ್ದರು. ಅದಕ್ಕೆ ಸಿಕ್ಕಿದ್ದು 7,000 ಡಾಲರ್ ಎಂದು ಮುಂದೆ ಅವರೇ ಹೇಳಿದ್ದುಂಟು. ಅಂಥ ದೊಡ್ಡ ನಟನಿಗೇ ತನ್ನ ದನಿಯ ಮುಂದಿನ ಬೆಲೆ ಆವತ್ತು ಕಾಣಿಸಲಿಲ್ಲ.

ಕೊರಳಿನ ಆರೋಗ್ಯದ ಪ್ರಶ್ನೆಯೂ ಇದೆ. ವಿಡಿಯೋ ಗೇಮ್‌ನಲ್ಲಿ ಸೈನಿಕ ಸಾಯುವಾಗ ಕಿರುಚಬೇಕು. ಬೆಂಕಿಯಲ್ಲಿ ಬೆಂದು ಸಾಯುವುದು ಒಂದು ಕಿರುಚಾಟ, ಗುಂಡು ತಗುಲಿ ಸಾಯುವುದು ಇನ್ನೊಂದು. ಒಂದೇ ಸೆಷನ್‌ನಲ್ಲಿ ಇಂಥ ಹತ್ತಾರು ಬಗೆ. ನಾಲ್ಕು ಗಂಟೆ ಹೀಗೆ ಕಿರುಚಿದ ಮೇಲೆ ಕೆಲವರಿಗೆ ದಿನಗಟ್ಟಲೆ ದನಿ ಇರುವುದಿಲ್ಲ. ಆ ದಿನಗಳಲ್ಲಿ ಬೇರೆ ಕೆಲಸವೂ ಇಲ್ಲ. 2016ರ ಅಕ್ಟೋಬರ್‌ನಿಂದ 2017ರ ಸೆಪ್ಟೆಂಬರ್‌ವರೆಗೆ ನಡೆದ ಗೇಮ್ ಮುಷ್ಕರದಲ್ಲಿ ಇದು ಒಂದು ಮುಖ್ಯ ವಿಷಯವಾಗಿತ್ತು. ಇಂಥ ಸೆಷನ್ ಎರಡು ಗಂಟೆಯೊಳಗೆ ಮುಗಿಯಬೇಕು ಎಂಬುದು ಕಲಾವಿದರ ಮಾತು. ಒಬ್ಬರೇ ಹೋಗಿ ‘ಗಂಟಲು ನೋಯುತ್ತಿದೆ, ನಿಲ್ಲಿಸೋಣ’ ಎಂದರೆ ಮುಂದಿನ ಸಲ ಕರೆ ಬರುವುದಿಲ್ಲ ಎಂಬ ಭಯ. ಎಲ್ಲರೂ ಒಟ್ಟಿಗೆ ಹೇಳಿದರೆ ಅದು ನಿಯಮ.

ಕುಟುಂಬ ಒಪ್ಪಿದ ಮೇಲೂ ದೂರು ಯಾಕೆ?

ಈಗ ವೇಡರ್ ವಿಷಯಕ್ಕೆ ಬರೋಣ. ಜೋನ್ಸ್ ಬದುಕಿದ್ದಾಗಲೇ ತಮ್ಮ ಹಳೆಯ ರೆಕಾರ್ಡಿಂಗ್‌ಗಳಿಂದ ದನಿ ಮರುಸೃಷ್ಟಿಸಲು ಒಪ್ಪಿಗೆ ಕೊಟ್ಟಿದ್ದರು. 2022ರ ‘ಓಬಿ-ವಾನ್ ಕೆನೋಬಿ’ ಸರಣಿಯಲ್ಲಿ ಉಕ್ರೇನಿನ ರೆಸ್ಪೀಚರ್ ಎಂಬ ಕಂಪನಿ ಆ ಕೆಲಸ ಮಾಡಿತ್ತು. ಯುದ್ಧದ ನಡುವೆಯೂ ಅಲ್ಲಿನ ತಂತ್ರಜ್ಞರು ಅದನ್ನು ಮುಗಿಸಿಕೊಟ್ಟರು. ಫೋರ್ಟ್‌ನೈಟ್‌ನದು ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲಿ ಮೊದಲೇ ಬರೆದಿಟ್ಟ ಸಂಭಾಷಣೆ ಇಲ್ಲ. ಆಟಗಾರ ಏನು ಕೇಳಿದರೂ ಯಂತ್ರ ಆ ಕ್ಷಣದಲ್ಲಿ ಉತ್ತರ ಹೊಸೆದು ಜೋನ್ಸ್ ದನಿಯಲ್ಲಿ ಹೇಳುತ್ತದೆ. ಶುರುವಾದ ದಿನವೇ ಕೆಲವರು ಅದರ ಬಾಯಲ್ಲಿ ಕೆಟ್ಟ ಮಾತು ಹೊರಡಿಸಿದರು. ಗೇಮ್ ಕಂಪನಿ ಬೇಗನೆ ತಿದ್ದಿತು.

ಸಂಘ ದೂರು ಕೊಟ್ಟಿದ್ದು ಫೋರ್ಟ್‌ನೈಟ್ ತಯಾರಿಸುವ ಎಪಿಕ್ ಗೇಮ್ಸ್‌ನ ಅಂಗಸಂಸ್ಥೆ ಲಾಮಾ ಪ್ರೊಡಕ್ಷನ್ಸ್ ಮೇಲೆ, ಅಮೆರಿಕದ ಕಾರ್ಮಿಕ ಸಂಬಂಧಗಳ ಮಂಡಳಿಯ ಮುಂದೆ. ಜೋನ್ಸ್ ಕುಟುಂಬಕ್ಕೆ ತಮ್ಮವರ ದನಿಯ ಮೇಲೆ ಹಕ್ಕಿದೆ ಎಂಬುದನ್ನು ಸಂಘ ಪ್ರಶ್ನಿಸಲೇ ಇಲ್ಲ. ಅಂಥ ಹಕ್ಕು ಇರಬೇಕು ಎಂದೇ ಅದು ಹೇಳಿತು. ತಕರಾರು ಇದ್ದುದು ಬೇರೆ ಕಡೆ.

ವೇಡರ್ ಪಾತ್ರ ಗೇಮ್‌ಗಳಲ್ಲಿ ಹಲವು ವರ್ಷಗಳಿಂದ ಇದೆ. ಅಲ್ಲೆಲ್ಲ ಜೋನ್ಸ್ ಅವರೇ ಮಾತಾಡಿಲ್ಲ. ಸ್ಕಾಟ್ ಲಾರೆನ್ಸ್, ಮ್ಯಾಟ್ ಸ್ಲೋನ್ ಅವರಂಥ ಕಲಾವಿದರು ಆ ಉಸಿರು, ಆ ಲಯ, ಆ ಗಾಂಭೀರ್ಯವನ್ನು ಅಭ್ಯಾಸ ಮಾಡಿ ವೇಡರ್ ಆದರು. ಇದನ್ನು ಆ ವೃತ್ತಿಯಲ್ಲಿ ದನಿ ಹೊಂದಿಸುವ ಕೆಲಸ ಎನ್ನುತ್ತಾರೆ. ದೊಡ್ಡ ನಟರಿಗೆ ಸಮಯವಿಲ್ಲದಾಗ, ಅವರು ತೀರಿಕೊಂಡಾಗ, ಈ ಕೆಲಸ ಸಿಗುತ್ತದೆ. ಎಐ ಬಂದಾಗ ಕಳೆದುಹೋಗುವುದು ಇವರ ಕೆಲಸ. ಅಮೆರಿಕದ 1935ರ ಕಾರ್ಮಿಕ ಕಾನೂನಿನ ಪ್ರಕಾರ, ಸಂಘದ ಕರಾರಿನಡಿ ಬರುವ ಕೆಲಸದ ಷರತ್ತು ಬದಲಿಸುವ ಮೊದಲು ಕಂಪನಿ ಸಂಘದ ಜೊತೆ ಮಾತಾಡಬೇಕು. ಮಾತಾಡಲಿಲ್ಲ ಎಂಬುದೇ ದೂರು.

ಅಂದರೆ ಇಲ್ಲಿ ಎರಡು ಒಪ್ಪಿಗೆಗಳಿವೆ. ಒಂದು, ದನಿಯ ಒಡೆಯರ ಒಪ್ಪಿಗೆ. ಇನ್ನೊಂದು, ಆ ದನಿಯ ನಕಲು ಯಾರ ಜಾಗದಲ್ಲಿ ಬಂದು ಕೂರುತ್ತದೋ ಅವರ ಒಪ್ಪಿಗೆ. ಮೊದಲನೆಯದನ್ನು ಒಬ್ಬ ವ್ಯಕ್ತಿ ಕೊಡಬಹುದು. ಎರಡನೆಯದನ್ನು ಸಂಘ ಮಾತ್ರ ಕೊಡಬಹುದು. ನಮ್ಮ ಚರ್ಚೆಗಳಲ್ಲಿ ಮೊದಲನೆಯದೇ ಕೇಳಿಸುತ್ತದೆ, ಎರಡನೆಯದು ಮರೆತೇಹೋಗುತ್ತದೆ.

ಹನ್ನೊಂದು ತಿಂಗಳ ಮುಷ್ಕರ ಏನು ತಂದಿತು

ಈ ದೂರು ದಾಖಲಾದಾಗ ಗೇಮ್ ಕಲಾವಿದರು ಮುಷ್ಕರದಲ್ಲೇ ಇದ್ದರು. ಒಂದೂವರೆ ವರ್ಷಕ್ಕೂ ಹೆಚ್ಚು ಮಾತುಕತೆ ನಡೆದು ಮುರಿದ ಮೇಲೆ, 2024ರ ಜುಲೈ 26ರಂದು ಮುಷ್ಕರ ಶುರುವಾಗಿತ್ತು. ಎದುರಿಗಿದ್ದವರು ಆಕ್ಟಿವಿಷನ್, ಎಲೆಕ್ಟ್ರಾನಿಕ್ ಆರ್ಟ್ಸ್, ಡಿಸ್ನಿ ಕ್ಯಾರೆಕ್ಟರ್ ವಾಯ್ಸಸ್ ಮುಂತಾದ ಕಂಪನಿಗಳು. ಸಂಘದ ಕಡೆಯ ಸಂಧಾನ ಸಮಿತಿಗೆ ಅಧ್ಯಕ್ಷೆ ಸಾರಾ ಎಲ್ಮಲೇ, ಸ್ವತಃ ಧ್ವನಿ ಕಲಾವಿದೆ.

ಕಂಪನಿಗಳ ವಾದವನ್ನೂ ಕೇಳಬೇಕು. 25 ಬೇಡಿಕೆಗಳಲ್ಲಿ 24ಕ್ಕೆ ಒಪ್ಪಿದ್ದೇವೆ, ಸಂಬಳವನ್ನೂ ಚೆನ್ನಾಗಿ ಹೆಚ್ಚಿಸುತ್ತಿದ್ದೇವೆ, ಎಐ ಬಳಸುವಾಗ ಒಪ್ಪಿಗೆ ಮತ್ತು ಹಣ ಎರಡನ್ನೂ ಕೊಡುತ್ತೇವೆ ಎಂದು ಅವು ಹೇಳಿದವು. ಹಾಗಾದರೆ ಜಗಳ ಎಲ್ಲಿ? ಆ ರಕ್ಷಣೆ ಎಲ್ಲ ಕಲಾವಿದರಿಗೂ ಸಿಗುತ್ತದೆಯೇ ಎಂಬಲ್ಲಿ. ಗೇಮ್‌ಗಳಲ್ಲಿ ದನಿ ಕೊಡುವವರ ಜೊತೆ ಮೈಗೆ ಸೆನ್ಸರ್ ಕಟ್ಟಿಕೊಂಡು ಓಡುವವರು, ಬೀಳುವವರು, ಕುಣಿಯುವವರೂ ಇರುತ್ತಾರೆ. ಅವರಲ್ಲಿ ಕೆಲವರ ಚಲನೆಯನ್ನು ಕಂಪನಿಗಳು ಅಭಿನಯ ಎನ್ನದೆ ಬರೀ ಡೇಟಾ ಎಂದು ನೋಡುತ್ತಿವೆ ಎಂಬುದು ಸಂಘದ ಆಕ್ಷೇಪವಾಗಿತ್ತು. ದನಿಯವರಿಗೆ ರಕ್ಷಣೆ ಸಿಕ್ಕರೆ ಸಾಕು ಎಂದು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಸಂಘ ಎಂಬ ಪದಕ್ಕೆ ತೂಕ ಬರುವುದು ಇಂಥ ಕಡೆ.

2025ರ ಜೂನ್ 11ರಂದು ಮುಷ್ಕರ ನಿಂತಿತು. ಜುಲೈನಲ್ಲಿ ನಡೆದ ಮತದಾನದಲ್ಲಿ 95.04 ಶೇಕಡಾ ಸದಸ್ಯರು ಹೊಸ ಕರಾರನ್ನು ಒಪ್ಪಿದರು. ಸಂಬಳ ಕೂಡಲೇ 15.17 ಶೇಕಡಾ ಏರಿತು. 2025, 2026, 2027ರ ನವೆಂಬರ್‌ಗಳಲ್ಲಿ ತಲಾ 3 ಶೇಕಡಾ ಏರಿಕೆಗೂ ಒಪ್ಪಂದವಾಯಿತು. ಡಿಜಿಟಲ್ ನಕಲು ಮಾಡಲು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು.

ಈ ಕರಾರಿನಲ್ಲಿ ಇನ್ನೊಂದು ಅಂಶವಿದೆ. ಸುದ್ದಿಗಳಲ್ಲಿ ಅದಕ್ಕೆ ಸಿಕ್ಕ ಜಾಗ ಚಿಕ್ಕದು, ಆದರೆ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಮುಷ್ಕರದ ಸಮಯದಲ್ಲಿ ಕಲಾವಿದರು ತಮ್ಮ ನಕಲು ಬಳಸಿ ಹೊಸದನ್ನು ತಯಾರಿಸಲು ಕೊಟ್ಟ ಒಪ್ಪಿಗೆಯನ್ನು ತಡೆಹಿಡಿಯಬಹುದು. ಇದು ಯಾಕೆ ಬೇಕು? ಮುಷ್ಕರದ ಬಲ ಇರುವುದೇ ಕೆಲಸ ನಿಲ್ಲುವುದರಲ್ಲಿ. ಕಲಾವಿದೆ ಬೀದಿಯಲ್ಲಿ ಫಲಕ ಹಿಡಿದು ನಿಂತಿರುವಾಗ ಅವಳ ನಕಲಿ ದನಿ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದರೆ, ಅವಳ ಮುಷ್ಕರವನ್ನು ಅವಳ ದನಿಯೇ ಮುರಿದಂತೆ. ಈ ಒಂದು ಸಾಲು ಇಲ್ಲದಿದ್ದರೆ ಮುಂದಿನ ಯಾವ ಮುಷ್ಕರಕ್ಕೂ ಅರ್ಥವಿರುತ್ತಿರಲಿಲ್ಲ.

ಕಾನೂನುಗಳೂ ನಿಧಾನವಾಗಿ ಇದೇ ದಿಕ್ಕಿಗೆ ಬರುತ್ತಿವೆ. ದನಿಯ ನಕಲು ತಡೆಯುವ ಕಾನೂನನ್ನು ಟೆನೆಸ್ಸಿ ರಾಜ್ಯ 2024ರ ಮಾರ್ಚ್‌ನಲ್ಲಿ ತಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಇನ್ನೊಂದು ಕಾನೂನಿಗೆ ಸಹಿ ಹಾಕಿತು. ಅದರ ಪ್ರಕಾರ, ಕಲಾವಿದರು ತಾವೇ ಮಾಡಬಹುದಾಗಿದ್ದ ಕೆಲಸವನ್ನು ನಕಲು ಮಾಡುವುದಾದರೆ, ಬಳಕೆ ಏನು ಎಂದು ಕರಾರಿನಲ್ಲಿ ಬಿಡಿಸಿ ಬರೆದಿರಬೇಕು. ಬರೆದಿಲ್ಲ, ಕಲಾವಿದರ ಪರವಾಗಿ ವಕೀಲರೂ ಇರಲಿಲ್ಲ, ಸಂಘವೂ ಇರಲಿಲ್ಲ ಎಂದಾದರೆ ಆ ಷರತ್ತು ಊರ್ಜಿತವಾಗುವುದಿಲ್ಲ.

ಸಂಘದೊಳಗೂ ಅಸಮಾಧಾನ

ಹಾಗೆಂದು ಸಂಘ ಮಾಡಿದ್ದೆಲ್ಲ ಸರಿ ಎಂದು ಅದರ ಸದಸ್ಯರೇ ಒಪ್ಪುವುದಿಲ್ಲ. 2024ರ ಜನವರಿಯಲ್ಲಿ ಸ್ಯಾಗ್-ಆಫ್ಟ್ರಾ ರೆಪ್ಲಿಕಾ ಸ್ಟುಡಿಯೋಸ್ ಎಂಬ ಎಐ ಧ್ವನಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಒಪ್ಪಿಗೆ ಕೊಟ್ಟವರ ದನಿಯನ್ನು ನ್ಯಾಯವಾದ ಷರತ್ತಿನಡಿ ನಕಲು ಮಾಡಬಹುದು ಎಂಬುದು ಅದರ ಸಾರ. ಹೆಸರಾಂತ ಧ್ವನಿ ಕಲಾವಿದರು ಬಹಿರಂಗವಾಗಿಯೇ ಸಿಟ್ಟಾದರು. ನಮ್ಮನ್ನು ಕೇಳಿದ್ದು ಯಾರು ಎಂಬುದು ಅವರ ಪ್ರಶ್ನೆ. ಎಐ ಹೇಗೂ ಬರುತ್ತದೆ, ನಿಯಮವಿಲ್ಲದೆ ಬರುವುದಕ್ಕಿಂತ ನಿಯಮದೊಳಗೆ ಬರಲಿ ಎಂಬುದು ಸಂಘದ ನಿಲುವು. ಬಾಗಿಲು ತೆರೆದುಕೊಟ್ಟವರು ನೀವೇ ಎಂಬುದು ವಿರೋಧಿಗಳ ಮಾತು. ಎರಡೂ ಕಡೆ ಇರುವುದು ಅದೇ ಭಯ. ಅದನ್ನು ಎದುರಿಸುವ ದಾರಿ ಮಾತ್ರ ಬೇರೆ.

ಸಂಘ ಬೇಲಿಯೂ ಆಗಬಹುದು. ಇದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. 2018ರ ನವೆಂಬರ್‌ನಲ್ಲಿ ಚೆನ್ನೈನ ಡಬ್ಬಿಂಗ್ ಕಲಾವಿದರ ಸಂಘ ಗಾಯಕಿ ಚಿನ್ಮಯಿ ಶ್ರೀಪಾದ ಅವರ ಸದಸ್ಯತ್ವ ರದ್ದು ಮಾಡಿತು. ಚಂದಾ ಬಾಕಿ ಎಂಬುದು ಸಂಘ ಕೊಟ್ಟ ಕಾರಣ. ಲೈಂಗಿಕ ಕಿರುಕುಳದ ವಿರುದ್ಧ ಮಾತಾಡಿದ್ದಕ್ಕೆ ಹೀಗಾಯಿತು ಎಂದು ಚಿನ್ಮಯಿ ಹೇಳಿದರು. ಪ್ರಕರಣ ಕೋರ್ಟಿಗೂ ಹೋಯಿತು. ಸದಸ್ಯತ್ವ ಇಲ್ಲದೆ ತಮಿಳಿನಲ್ಲಿ ಡಬ್ಬಿಂಗ್ ಕೆಲಸ ಸಿಗುವುದು ಕಷ್ಟ. ಕೆಲಸ ಕಾಯುವ ಅಧಿಕಾರ ಇರುವವರಿಗೆ ಕೆಲಸ ಕಸಿಯುವ ಅಧಿಕಾರವೂ ಇರುತ್ತದೆ. ‘ಸಂಘದ ಸೇವೆ’ಗೆ ಗೌರವ ಕೊಡುವಾಗ ಆ ಸೇವೆ ಯಾರ ಪರ ಇತ್ತು ಎಂದು ಕೇಳಲೇಬೇಕು. ಎಲ್ಲರಿಗಿಂತ ಸಣ್ಣ ಕೆಲಸ ಮಾಡುವ ಸದಸ್ಯನಿಗೆ ಅದರಿಂದ ಏನು ಸಿಕ್ಕಿತು ಎಂದು ನೋಡಿದರೆ ಉತ್ತರ ತಿಳಿಯುತ್ತದೆ.

ಕನ್ನಡದ ಕೊರಳುಗಳು ಎಲ್ಲಿವೆ

ಕನ್ನಡದಲ್ಲಿ ನಾವು ಇವರನ್ನು ಕಂಠದಾನ ಕಲಾವಿದರು ಎನ್ನುತ್ತೇವೆ. ಪ್ರೀತಿಯ ಪದ. ಆದರೆ ‘ದಾನ’ ಎಂದರೆ ಕೊಟ್ಟು ಮರೆಯಬೇಕಾದದ್ದು. ಕೊಟ್ಟ ಮೇಲೆ ಲೆಕ್ಕ ಕೇಳುವಂತಿಲ್ಲ. ಈ ಕಲಾವಿದರ ಕಷ್ಟ ಇರುವುದೂ ಅಲ್ಲೇ.

ಕರ್ನಾಟಕದಲ್ಲಿ 1960ರ ದಶಕದಿಂದ ಡಬ್ಬಿಂಗ್ ಸಿನಿಮಾಗಳಿಗೆ ವಿರೋಧವಿತ್ತು. ಭಾಷೆಯ ಪ್ರಶ್ನೆ ಒಂದು, ಇಲ್ಲಿನ ಕಲಾವಿದರು ಮತ್ತು ತಂತ್ರಜ್ಞರ ಕೆಲಸದ ಪ್ರಶ್ನೆ ಇನ್ನೊಂದು. 2015ರ ಜುಲೈನಲ್ಲಿ, ಮಾರುಕಟ್ಟೆಯ ಪೈಪೋಟಿ ಕಾಯುವ ಭಾರತೀಯ ಸ್ಪರ್ಧಾ ಆಯೋಗ ಈ ಅಘೋಷಿತ ನಿಷೇಧದ ವಿರುದ್ಧ ಆದೇಶ ಕೊಟ್ಟಿತು. 2017ರಿಂದ ಡಬ್ ಆದ ಚಿತ್ರಗಳು ಮತ್ತೆ ಥಿಯೇಟರಿಗೆ ಬಂದವು. 2020ರ ಲಾಕ್‌ಡೌನ್ ಹೊತ್ತಿಗೆ ಹಿಂದಿಯ ಮಹಾಭಾರತ ಧಾರಾವಾಹಿ ಸ್ಟಾರ್ ಸುವರ್ಣದಲ್ಲಿ ಕನ್ನಡದಲ್ಲೇ ಮಾತಾಡಿತು. ಮನೆ ಮನೆಯಲ್ಲಿ ಕೃಷ್ಣನ ಮಾತು, ಶಕುನಿಯ ಮಾತು ಕೇಳಿದೆವು. ಅದನ್ನು ಆಡಿದ ಕನ್ನಡದ ಕೊರಳುಗಳು ಯಾರವು ಎಂದು ಕೇಳಿದರೆ ಹೇಳಬಲ್ಲವರು ಎಷ್ಟು ಜನ? ಇದಕ್ಕೂ ಮೊದಲಿನಿಂದಲೇ, ಬೇರೆ ಭಾಷೆಯಿಂದ ಬಂದ ನಾಯಕಿಯರಿಗೆ ಕನ್ನಡ ಚಿತ್ರಗಳಲ್ಲಿ ಮಾತು ಕೊಡುತ್ತಿರುವವರು ಇವರೇ.

ಎಐ ವಿಷಯದಲ್ಲಿ ಡಬ್ಬಿಂಗ್ ಕಲಾವಿದರಿಗೆ ಅಪಾಯ ಜಾಸ್ತಿ. ಕಾರಣ ಸರಳ. ಸಿನಿಮಾದಲ್ಲಿ ಕೇಳುವ ದನಿಗೆ ಸಂಗೀತ, ಗದ್ದಲ ಬೆರೆತಿರುತ್ತದೆ. ಆದರೆ ಡಬ್ಬಿಂಗ್ ಸ್ಟುಡಿಯೋದ ಮೂಲ ಟ್ರ್ಯಾಕ್‌ನಲ್ಲಿ ದನಿ ಒಂದೇ ಇರುತ್ತದೆ, ಸ್ವಚ್ಛವಾಗಿ. ಜೊತೆಗೆ ಆಡಿದ ಮಾತು ಬರಹದಲ್ಲೂ ಇರುತ್ತದೆ. ಸಿಟ್ಟು, ಅಳು, ನಗು ಎಲ್ಲ ಬೇರೆ ಬೇರೆಯಾಗಿ ಸಿಗುತ್ತವೆ. ಯಂತ್ರಕ್ಕೆ ಮಾತು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಆ ಟ್ರ್ಯಾಕ್ ಕಲಾವಿದರ ಕೈಯಲ್ಲಿ ಇರುವುದಿಲ್ಲ.

ಮೊದಲು ಹೋಗುವುದು ಸಣ್ಣ ಕೆಲಸಗಳು. ಗುಂಪಿನ ದನಿ, ಪೊಲೀಸ್ ಪೇದೆಯ ಎರಡು ಮಾತು, ಅಂಗಡಿಯವನ ಒಂದು ಮಾತು. ಇವನ್ನು ಯಂತ್ರ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹೊಸಬರು ಕಲಿಯುವುದು ಇಲ್ಲೇ. ಲಿಪ್ ಸಿಂಕ್ ಹಿಡಿಯುವುದು, ಉಸಿರು ನಿಲ್ಲಿಸುವುದು, ಬೇರೊಬ್ಬರ ಮುಖಕ್ಕೆ ತನ್ನ ಭಾವ ತುಂಬುವುದು ಎಲ್ಲ ಈ ಸಣ್ಣ ಪಾತ್ರಗಳಲ್ಲೇ ಬರುತ್ತದೆ. ಆ ಮೆಟ್ಟಿಲು ಹೋದರೆ ಹತ್ತು ವರ್ಷದ ನಂತರ ನಾಯಕಿಗೆ ದನಿಯಾಗಲು ಕಲಿತವರೇ ಇರುವುದಿಲ್ಲ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಚಾಮರಾಜನಗರದ ಕನ್ನಡ ಹೀಗೆ ಬಗೆಬಗೆಯ ಮಾತು ಬಲ್ಲ ಕೊರಳುಗಳಿಗೂ ಜಾಗ ಕಡಿಮೆಯಾಗುತ್ತದೆ.

ಕಾನೂನಿನ ಒಂದು ಸಾಲು

ಭಾರತದ ಕೋರ್ಟುಗಳು ದನಿಯ ಹಕ್ಕನ್ನು ಗುರುತಿಸಿವೆ. ಅಮಿತಾಭ್ ಬಚ್ಚನ್ ಅವರಿಗೆ 2022ರಲ್ಲಿ, ಅನಿಲ್ ಕಪೂರ್ ಅವರಿಗೆ 2023ರಲ್ಲಿ ದೆಹಲಿ ಹೈಕೋರ್ಟ್ ರಕ್ಷಣೆ ಕೊಟ್ಟಿತು. 2024ರ ಜುಲೈನಲ್ಲಿ, ಅಮೆರಿಕದಲ್ಲಿ ಮುಷ್ಕರ ಶುರುವಾದ ಅದೇ ತಿಂಗಳು, ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ಮೂಲಕ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ ಆದೇಶಿಸಿತು. ಇವೆಲ್ಲ ಒಳ್ಳೆಯ ಆದೇಶಗಳೇ. ಆದರೆ ಇವು ನಿಂತಿರುವುದು ಹೆಸರಿನ ಮೇಲೆ, ಜನ ಗುರುತಿಸುತ್ತಾರೆ ಎಂಬುದರ ಮೇಲೆ. ಯಾರೂ ಗುರುತಿಸದ ಡಬ್ಬಿಂಗ್ ಕಲಾವಿದೆ ಯಾವ ಆಧಾರದ ಮೇಲೆ ಹೈಕೋರ್ಟಿಗೆ ಹೋಗಬೇಕು? ಹೋದರೂ ವಕೀಲರ ಫೀಸು ಎಲ್ಲಿಂದ ತರಬೇಕು?

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ‘ಪ್ರದರ್ಶಕ’ರಿಗೆ ಹಕ್ಕು ಕೊಡುತ್ತದೆ. ಯಾರು ಪ್ರದರ್ಶಕರು ಎಂಬ ಪಟ್ಟಿಯಲ್ಲಿ ನಟ, ಗಾಯಕ, ನೃತ್ಯಗಾರ, ಜಾದೂಗಾರ, ಹಾವಾಡಿಗರವರೆಗೆ ಹೆಸರುಗಳಿವೆ. ಡಬ್ಬಿಂಗ್ ಕಲಾವಿದರ ಹೆಸರಿಲ್ಲ. ಆದರೆ ‘ಪ್ರದರ್ಶನ ನೀಡುವ ಬೇರೆ ಯಾರೇ ಆದರೂ’ ಎಂಬ ಮಾತಿದೆ. ಅದರೊಳಗೆ ಇವರೂ ಬರುತ್ತಾರೆ ಎಂದು ಗಟ್ಟಿಯಾಗಿ ವಾದಿಸಬಹುದು. 2012ರ ತಿದ್ದುಪಡಿ ಪ್ರದರ್ಶಕರಿಗೆ ರಾಯಲ್ಟಿಯ ಹಕ್ಕನ್ನೂ ಸೇರಿಸಿತು.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲೂ ಬಂತು. ಸಿನಿಮಾದಲ್ಲಿ ಒಬ್ಬರ ಪ್ರದರ್ಶನ ಸಣ್ಣದಾಗಿ, ಪ್ರಾಸಂಗಿಕವಾಗಿದ್ದು, ಚಿತ್ರದ ಹೆಸರುಗಳ ಪಟ್ಟಿಯಲ್ಲಾಗಲೀ ಬೇರೆ ಎಲ್ಲೇ ಆಗಲೀ ಅವರ ಹೆಸರು ಇಲ್ಲದಿದ್ದರೆ ಅವರನ್ನು ಪ್ರದರ್ಶಕ ಎಂದು ಪರಿಗಣಿಸುವುದಿಲ್ಲ. ಅವರ ಅಭಿನಯವನ್ನು ತಿರುಚಿದಾಗ ಆಕ್ಷೇಪಿಸುವ ಹಕ್ಕು ಮಾತ್ರ ಉಳಿಯುತ್ತದೆ. ರಾಯಲ್ಟಿ ಕೇಳುವ ದಾರಿ ಮುಚ್ಚುತ್ತದೆ.

ಮೆಲ್ ಬ್ಲಾಂಕ್‌ಗೆ ಸಂಬಳದ ಬದಲು ಸಿಕ್ಕ ಹೆಸರು ಅವತ್ತು ಸಮಾಧಾನದ ಬಹುಮಾನದಂತೆ ಕಂಡಿರಬಹುದು. ಇವತ್ತಿನ ಕನ್ನಡದ ಡಬ್ಬಿಂಗ್ ಕಲಾವಿದರಿಗೆ, ಅದರಲ್ಲೂ ಸಣ್ಣ ಪಾತ್ರದವರಿಗೆ, ಅದು ಕಾನೂನಿನ ಬಾಗಿಲಿನ ಕೀಲಿ. ಚಿತ್ರ ಮುಗಿದ ಮೇಲೆ ತೆರೆಯಲ್ಲಿ ಸರಿದುಹೋಗುವ ಪಟ್ಟಿಯಲ್ಲಿ ದನಿ ಕೊಟ್ಟ ಪ್ರತಿಯೊಬ್ಬರ ಹೆಸರೂ ಇರಬೇಕು. ಈ ರೆಕಾರ್ಡಿಂಗನ್ನು ಈ ಚಿತ್ರಕ್ಕೆ ಬಿಟ್ಟು ಬೇರೆ ಯಾವುದಕ್ಕೂ, ಎಐ ತರಬೇತಿಗೂ, ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ ಎಂಬ ಒಂದು ಸಾಲು ಕರಾರಿನಲ್ಲಿ ಇರಬೇಕು. ಮಧ್ಯಾಹ್ನದ ಕಾಲ್‌ಶೀಟಿಗೆ ಓಡಿಬಂದ ಹೊಸ ಹುಡುಗಿಯೊಬ್ಬಳು ಮೈಕ್ ಮುಂದೆ ನಿಂತು ಒಬ್ಬಳೇ ಇದನ್ನು ಕೇಳಲಾರಳು. ಅವಳ ಪರವಾಗಿ, ಅವಳು ಸ್ಟುಡಿಯೋಗೆ ಬರುವ ಮೊದಲೇ, ಯಾರಾದರೂ ಕೂತು ಬರೆಸಿರಬೇಕು.